ಕಳೆ ಎಣಿಸುವ ಕೆಲಸ

ಮೊಳ ಉದ್ದ ಮೊಳ ಅಗಲದ ಕಬ್ಬಿಣದ ಚೌಕ.
ಕಣ್ಣು ಮುಚ್ಚಿ ಹೊಲದೊಳಗೆ ಎಸೆಯಬೇಕು,
ಬಿದ್ದಲ್ಲಿ ಕುಕ್ಕರಗಾಲಲ್ಲಿ ಕೂತು
ಒಳಗಿದ್ದ ಕಳೆಯನ್ನೆಲ್ಲ ಎಣಿಸಬೇಕು.
ನಾಲ್ಕು ವರ್ಷ ನನಗೆ ಸಂಬಳ ಬಂದದ್ದು ಇದಕ್ಕೇ.

ಬಾಗಲೂರು ದಾಟಿ ಎಡಕ್ಕೆ, ಲೇಔಟಿನ ಕಾಂಪೌಂಡಿನ ಹಿಂದೆ
ವೆಂಕಟರವಣಪ್ಪನ ಎರಡೆಕರೆ ಕೆಂಪು ಮಣ್ಣು.
ಮೇಲೆ ಗಳಿಗೆಗೊಂದು ವಿಮಾನ
ಹೊಟ್ಟೆ ತೋರಿಸಿಕೊಂಡು ಇಳಿಯುತ್ತದೆ.
ಪಿಳ್ಳಕ್ಕ ತಲೆ ಎತ್ತುವುದಿಲ್ಲ,
ಅವಳ ವಾರೆಯ ಸದ್ದು ಮಾತ್ರ ಆ ಹೊತ್ತು ಕೇಳಿಸುವುದಿಲ್ಲ.

ನಾನು ಹೋದಾಗ ಅಲ್ಲಿ
ರಾಗಿಯ ಮೇಲೆ ರಾಗಿ, ಅದರ ಮೇಲೂ ರಾಗಿ, ಹನ್ನೊಂದು ವರ್ಷ.
ಮೊದಲ ಎಸೆತಕ್ಕೆ ನೂರ ಹದಿನಾಲ್ಕು ಕಾಡುರಾಗಿ,
ಅದೂ ನಾನು ಎಣಿಸಿದ್ದು ತಪ್ಪು.
ಅದೇ ಹಸಿರು, ಅದೇ ಗರಿ, ಅದೇ ವಿನಯ.
ಪಿಳ್ಳಕ್ಕ ನನ್ನ ಬೆರಳು ಹಿಡಿದು ಬುಡಕ್ಕೆ ಮುಟ್ಟಿಸಿದಳು:
"ಚಪ್ಪಟೆಗೆ ಬೆಳ್ಳಗೈತೆ ನೋಡು.
ಕಳ್ಳ, ಮನೆಯವನ ಅಂಗೀನೇ ಹಾಕ್ಕೊಂಡು
ಪಂಕ್ತೀಲಿ ಕುಂತವ್ನೆ."

ವೆಂಕಟರವಣಪ್ಪ ಬೀಡಿ ಆರಿಸಿ ಅಂದ:
"ನಮ್ ಪಂಚಾಂಗ ಅದಕ್ಕೆ ಬಾಯಿಪಾಠ ಕಣಪ್ಪ.
ಯಾವ ಮಳೆಗೆ ಕುಂಟೆ, ಯಾವ ಮಳೆಗೆ ಕೂರಿಗೆ,
ನಾನು ಉಣ್ಣಕ್ಕೆ ಹೋಗೋ ಹೊತ್ತೂ ಗೊತ್ತು."
ಬೈಯಲಿಲ್ಲ, ಔಷಧಿ ತರಲಿಲ್ಲ.
ಪಂಚಾಂಗವನ್ನೇ ತಿರುವಿ ಹಾಕಿದ.

ಭರಣಿಗೇ ಅಲಸಂದೆ ಚೆಲ್ಲಿದ.
ಪುನರ್ವಸುವಿಗೆ ಕಾಡುರಾಗಿ ಎಂದಿನಂತೆ ಎದ್ದು ನೋಡಿದರೆ
ಮನೆಯಲ್ಲಿ ಬೇರೆ ಬಾಡಿಗೆಯವರು,
ಕಿಟಕಿಗೆಲ್ಲ ದಪ್ಪ ಪರದೆ.
ಹಸ್ತಕ್ಕೆ ಹುರುಳಿ. ಅದು ಚಾಪೆ ಹಾಸಿ ಮಲಗಿತು,
ಚಾಪೆಯಡಿ ಮೊಳೆತವು ಬಿಸಿಲಿಗೆ ಕಾದು ಕಾದು
ಮಜ್ಜಿಗೆಯ ಬಣ್ಣಕ್ಕೆ ಬಂದು ಸತ್ತವು.
ಮರುವರ್ಷ ಮೇವಿನ ಜೋಳ;
ತೆನೆ ಕಟ್ಟುವ ಮುಂಚೆ ಕೊಯ್ದು ಹಸುವಿಗೆ ಹಾಕಿದ,
ಜೊತೆಗೆ ಬೀಜದ ಆಸೆ ಹೊತ್ತ ಕಳೆಯ ಕುತ್ತಿಗೆಯೂ ಹೋಯಿತು.

ಜೇಕು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಅದರ ಗಡ್ಡೆಗೆ ಪಂಚಾಂಗವೇ ಇಲ್ಲ.
ಅದನ್ನೂ ಬರೆದಿದ್ದೇನೆ.

ನಾಲ್ಕನೆಯ ವರ್ಷ ರಾಗಿ ಮರಳಿ ಬಂತು,
ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು,
ಬದುವಿನುದ್ದಕ್ಕೂ ಹಳದಿ, ಜೇನಿನ ಗದ್ದಲ.
ಚೌಕದೊಳಗೆ ಒಂಬತ್ತು.
ನಾನು ಎರಡು ಸಲ ಎಣಿಸಿದೆ, ಖುಷಿಗೆ.

ಆರು ಹೆಂಗಸರು ಹತ್ತು ದಿನ ಕೀಳುತ್ತಿದ್ದ ಹೊಲ,
ಈಗ ಇಬ್ಬರಿಗೆ ಎರಡು ದಿನ.
ಪಿಳ್ಳಕ್ಕ ಖಾಲಿ ಮಡಿಲು ಕೊಡವಿ ನಕ್ಕಳು:
"ಗೆದ್ದೆ ಬಿಡಪ್ಪ. ಬಸ್ಸಾರಿಗೆ ಏನ್ ಹಾಕ್ಲಿ?"
ಅಣ್ಣೆಸೊಪ್ಪು, ಗೋಣಿಸೊಪ್ಪು, ಕಿರಕಸಾಲೆ:
ಅವಳ ಮನೆಯ ಒಲೆ ಬಲ್ಲ ಹೆಸರುಗಳು
ನನ್ನ ಪುಸ್ತಕದಲ್ಲಿ ಒಂದೇ ಕಾಲಂ,
'ಅಗಲ ಎಲೆಯ ಕಳೆ'.

ಈಗ ಅವಳು ಲೇಔಟಿನ ಪಾರ್ಕಿನಲ್ಲಿ,
ಹುಲ್ಲಿನೊಳಗಿನ ಹುಲ್ಲು ಕೀಳುತ್ತಾಳೆ.
ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದಳು:
"ಇಲ್ಲಿ ವರ್ಷಪೂರ್ತಿ ಒಂದೇ ಬೆಳೆ,
ಬಿತ್ತೋಂಗಿಲ್ಲ, ಕೊಯ್ಯೋಂಗಿಲ್ಲ,
ಕಳೆ ಮುಗಿಯೋದೇ ಇಲ್ಲ. ಪರ್ಮನೆಂಟು!"

ಕೊನೆಯ ಎಣಿಕೆಯ ದಿನ
ಮೂಡಣ ಮೂಲೆಯಲ್ಲಿ, ಬೋರ್‌ವೆಲ್ ಪೈಪಿನ ಪಕ್ಕ,
ಮೂರು ಮಾರು ನೆಲ ಹರಗದೆ ಬಿಟ್ಟಿತ್ತು.
ಮರೆತನೋ, ಬಿಟ್ಟನೋ, ನಾನು ಕೇಳಲಿಲ್ಲ.
ಅಣ್ಣೆಸೊಪ್ಪು ಮೊಣಕಾಲುದ್ದ,
ಕುಡಿಗಳನ್ನು ಯಾರೋ ಉಗುರಲ್ಲಿ ಚಿವುಟಿದ ಗುರುತು ಹಸಿ ಹಸಿ.

ಕಣ್ಣು ಮುಚ್ಚಿ ಎಸೆದೆ.
ಚೌಕ ಹೋಗಿ ಅಲ್ಲೇ ಬಿತ್ತು.

ಮೇಲೆ ವಿಮಾನ ಬರುವವರೆಗೂ ಕಾದೆ.
ಆ ಸದ್ದಿನಲ್ಲಿ ಚೌಕ ಎತ್ತಿಕೊಂಡು
ಇನ್ನೊಂದು ಸಲ ಎಸೆದೆ,
ಈ ಸಲ ಕಣ್ಣು ಬಿಟ್ಟು.